ಲವಂಗದ ಗುಂಡಿ

"ಅಯ್ಯೋ... ಎಲ್ಲಾ ಕಿತ್ತುಬಿಟ್ರಿ?"

ಅರ್ಜುಮಂದಳ ದನಿ ಅಷ್ಟಕ್ಕೇ ನಿಂತುಹೋಯಿತು.

ಅಂಗಡಿಯ ಮೇಜಿನ ಮೇಲೆ ಟಿವಿ ರಿಮೋಟು ಹೊಳೆಯುತ್ತಾ ಬಿದ್ದಿತ್ತು. ನಿನ್ನೆ ಕೊಟ್ಟು ಹೋದಾಗ ಕೆಟ್ಟು ಕೂತಿದ್ದ ರಿಮೋಟು ಇವತ್ತು ಈಗಷ್ಟೇ ಡಬ್ಬಿಯಿಂದ ತೆಗೆದಂತೆ ಮಿನುಗುತ್ತಿತ್ತು. ಅದರ ಮೇಲಿದ್ದ ಮೋತಿ ಇಲ್ಲ, ಕೊಳವೆ ಮಣಿ ಇಲ್ಲ, ಚಮ್ಕಿ ಇಲ್ಲ. ಎಲ್ಲಾ ಗುಂಡಿಗಳೂ ಒಂದೇ ಸಮ, ನುಣ್ಣಗೆ.

"ಯಾಕ್ರಿ? ಚಲೋ ಆಗ್ಯಾದಲ್ಲ!" ಅಂಗಡಿಯ ಹುಡುಗ ಮುಜಫರ ಹೆಮ್ಮೆಯಿಂದ ನಕ್ಕ. "ಒಳಗಿಂದು ರಿಪೇರಿ ಮಾಡೀನಿ. ಮ್ಯಾಲ ಯಾರೋ ಹುಡುಗರು ಮಣಿ-ಗಿಣಿ ಅಂಟಿಸಿ ಆಟ ಆಡಿದ್ರು. ಅದನ್ನೂ ಕೆರೆದು ತೆಗೆದು, ಸ್ಪಿರಿಟ್ ಹಚ್ಚಿ ಒರಸೀನಿ. ಈ ಹೊಲಸು ತೆಗಿಯೋದಕ್ಕೇ ಅರ್ಧ ದಿನ ಹೋತು ನೋಡ್ರಿ."

ಹೊಲಸು!

ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಹೇಳಬೇಕಾದ್ದು ಎಷ್ಟೋ ಇತ್ತು. ಆದರೆ ಅಪರಿಚಿತರ ಮುಂದೆ ಅವಳ ಮಾತು ಯಾವಾಗಲೂ ಗಂಟಲಲ್ಲೇ ಕೂತುಬಿಡುತ್ತಿತ್ತು. ಇವತ್ತು ಹೇಗೋ ಒಂದೇ ಒಂದು ಸಾಲು ಹೊರಗೆ ಬಂತು.

"ಅವು ಹೊಲಸಲ್ರಿ... ನಮ್ಮ ನಾನಿಯ ಕಣ್ಣು ಅವು."

ಮುಜಫರನ ನಗು ಮಾಯವಾಯಿತು.

ಅವಳು ಬಾಗಿಲ ಮೂಲೆಯಲ್ಲಿದ್ದ ಕಸದ ಗುಡ್ಡೆಯ ಮುಂದೆ ಕೂತು, ವೈರಿನ ತುಂಡುಗಳ ನಡುವೆ ಮಣಿ ಹುಡುಕತೊಡಗಿದಳು. ಶಹಾಪುರ ಬಸ್ ನಿಲ್ದಾಣದ ಜನ ಹಾಯುವ ದಾರಿ ಅದು. ಹೋಗಿಬರುವವರು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೂ ಇರಲಿಲ್ಲ.

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅವನೂ ಬಂದು ಎದುರಿಗೆ ಕೂತ. ಏನು ಕೇಳಬೇಕೋ ತಿಳಿಯದೆ ಅವನೂ ಹುಡುಕಿದ. ಧೂಳಿನಿಂದ ಒಂದು ಚಮ್ಕಿ ಎತ್ತಿ ಅಂಗೈ ಚಾಚಿದ.

"ಇದೊಂದು ಸಿಕ್ತು ನೋಡ್ರಿ..."

ಅವಳು ಅದನ್ನು ತೆಗೆದುಕೊಂಡಳು. ದುಪ್ಪಟ್ಟಾದ ತುದಿಯಲ್ಲಿ ಸಿಕ್ಕಷ್ಟು ಮಣಿ ಗಂಟು ಹಾಕಿಕೊಂಡು, ಸರಸರನೆ ನಡೆದುಬಿಟ್ಟಳು. ರಿಮೋಟು ಮೇಜಿನ ಮೇಲೇ ಉಳಿಯಿತು!

* * *

ಅರ್ಜುಮಂದ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಮ್ಮ ತೀರಿಕೊಂಡ ವರ್ಷವೇ ಅಮ್ಮನ ತಾಯಿ, ನಾನಿ ಅನ್ವರಬಿಯ ಕಣ್ಣು ಮಂಜಾದವು. ಕಣ್ಣಿನ ನರ ಒಣಗಿವೆ, ಇನ್ನು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆವತ್ತಿನಿಂದ ಅರ್ಜೂ ನಾನಿಯ ಪಕ್ಕ ಬಿಟ್ಟು ಎದ್ದದ್ದು ಕಡಿಮೆ. ಮನೆಯಲ್ಲೇ ಕೂತು ಮದುವೆಯ ಬಟ್ಟೆಗಳಿಗೆ ಮಣಿ ಕೂಡಿಸುವ ಕೆಲಸ ಮಾಡುತ್ತಿದ್ದಳು. ನಾನಿ ತಡವಿ ಗುರುತು ಹಿಡಿಯಲೆಂದು ರಿಮೋಟಿನ ಗುಂಡಿಗೊಂದೊಂದು ಮಣಿ ಅಂಟಿಸಿದ್ದವಳೂ ಅವಳೇ. ಮನೆಯ ಹಿರಿಯ ಎಂದರೆ ನಾನಿಯ ಮಗ ಲಾಡ್ಲೇಸಾಬ ಮಾಮು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಬೆಳಗಾದರೆ ತಗಡಿನ ಕೂಲರ್ ಮಾಡುವ ತಮ್ಮ ಅಂಗಡಿಗೆ ಹೋದರೆ ಬರುವುದು ಸಂಜೆಗೇ.

ಆ ಸಂಜೆ ಮಾಮು ಒಬ್ಬರೇ ಬರಲಿಲ್ಲ.

"ಅಮ್ಮಾ, ನಮ್ಮ ಮುಜಫರ ಬಂದಾನ ನೋಡು. ನಮ್ಮ ಹಿಂದಿನ ಓಣಿಯವನೇ. ನನ್ನ ಕೂಲರಿಗೆ ಮೋಟರ್ ಕೂಡ್ಸೋನು ಇವನೇ. ಈ ರಿಮೋಟ್ ಯಾರ ಮನೀದಂತ ಕೇಳ್ಕೋತ ನನ್ನ ಹತ್ರ ಬಂದಿದ್ದ."

ಅಡುಗೆ ಮನೆಯ ಬಾಗಿಲ ಮರೆಯಿಂದ ಅರ್ಜೂ ಇಣುಕಿ ನೋಡಿದಳು. ಅವನು! ರಿಮೋಟಿನ ಜೊತೆ ಒಂದು ಕಾಗದದ ಪುಡಿಕೆಯನ್ನೂ ಹಿಡಿದು ನಿಂತಿದ್ದ. ಕಸವನ್ನೆಲ್ಲಾ ಜರಡಿ ಹಿಡಿದು ಉಳಿದ ಮಣಿ ಆರಿಸಿ ತಂದಿದ್ದ.

"ನನ್ನ ಕಣ್ಣು ಕಿತ್ತಾವ ನೀನೇ ಏನೋ?" ಎಂದಳು ನಾನಿ.

"ಹೌದ್ರಿ ನಾನಿ. ತಪ್ಪಾತ್ರಿ. ಮೋತಿ ಯಾವ ಬಟನ್ನಿಗೆ, ಕೊಳವಿ ಯಾವುದಕ್ಕ ಅಂತ ಹೇಳ್ರಿ, ನಾನೇ ಹಚ್ಚಿ ಹೋಗ್ತೀನಿ."

"ನನಗೇನು ಗೊತ್ತೋ? ನನ್ನ ಬೆರಳಿಗೆ ಗೊತ್ತು. ಇಲ್ಲಾಂದ್ರ ನಮ್ಮ ಅರ್ಜೂಗೆ ಗೊತ್ತು. ಆಕಿ ಬಾಯಿ ಬಿಡಂಗಿಲ್ಲ. ನೀ ಇಲ್ಲೇ ಕೂಡು."

ಅವನು ಕೂತ. ಆಮೇಲೆ ಸಂಕೋಚದಿಂದಲೇ ಚೀಲದಿಂದ ಇನ್ನೊಂದು ವಸ್ತು ತೆಗೆದ. ಅಂಗಡಿಗೆ ಬರುವ ಮುದುಕರೆಲ್ಲ ಕ್ಯಾರಿಬ್ಯಾಗಿನ ತುಂಬಾ ರಿಮೋಟು ತುಂಬಿಕೊಂಡು ಬರುತ್ತಾರಂತೆ. ಟಿವಿಯದು, ಡಿಶ್‌ದು, ಫ್ಯಾನಿಂದು, ಕೂಲರಿಂದು... ಯಾವುದು ಯಾವುದರದೆಂದು ತಿಳಿಯದೆ ಒದ್ದಾಡುತ್ತಾರಂತೆ. ಅದಕ್ಕೇ ಅವನು ಎಷ್ಟೋ ದಿನ ಕೂತು, ಮನೆಯ ಸಾಮಾನಿಗೆಲ್ಲಾ ಸೇರಿ ಒಂದೇ ರಿಮೋಟು ಮಾಡಿದ್ದ.

ನಾನಿ ಅದರ ಮೇಲೆ ಕೈ ಆಡಿಸಿದಳು. ಸಾಲು ಸಾಲು ಗುಂಡಿ, ಮೇಲಿಂದ ಕೆಳಗಿನವರೆಗೂ.

"ಇದು ರಿಮೋಟ್ ಅಲ್ಲೋ ಬೇಟಾ, ಸಿಡುಬು ಎದ್ದ ಮಾರಿ!"

ಮಾಮು ಹೊಟ್ಟೆ ಹಿಡಿದು ನಕ್ಕರು. ಮುಜಫರನ ಕಿವಿ ಕೆಂಪಾದವು. ಆದರೂ ಅವನು ಕೋಪ ಮಾಡಿಕೊಳ್ಳಲಿಲ್ಲ. ತಾನೂ ಒಮ್ಮೆ ಕಣ್ಣು ಮುಚ್ಚಿ ಆ ರಿಮೋಟಿನ ಮೇಲೆ ಬೆರಳಾಡಿಸಿ ನೋಡಿದ. "ಖರೇ ಅದ್ರಿ," ಎಂದು ತನ್ನಷ್ಟಕ್ಕೇ ಅಂದುಕೊಂಡ.

ಅದನ್ನು ಅರ್ಜೂ ಬಾಗಿಲ ಮರೆಯಿಂದ ನೋಡಿದಳು. *ಮಾಮು ನಕ್ಕರೂ ಸಿಟ್ಟಾಗಲಿಲ್ಲ ಇವರು...*

ಅಷ್ಟರಲ್ಲಿ ನಾನಿ ತನ್ನ ಪಾನ್‌ಡಾನ್ ಎಳೆದುಕೊಂಡಳು. ದುಂಡನೆಯ ಹಿತ್ತಾಳೆ ಡಬ್ಬಿ. ಒಳಗೆ ಎಲೆಯಡಿಕೆಯ ಸಾಮಾನಿಗೆ ಬೇರೆ ಬೇರೆ ಗೂಡು. ನಾನಿಯ ಬೆರಳು ಎಲೆಗೆ ಸುಣ್ಣ ಸವರಿದವು, ಕಾಚು ಹಚ್ಚಿದವು, ಅಡಕಿ ಇಟ್ಟವು, ಮಡಿಸಿದ ಎಲೆಗೆ ಲವಂಗ ಚುಚ್ಚಿದವು. ಒಂದು ಸಲವೂ ತಡವರಿಸಲಿಲ್ಲ!

ಮುಜಫರ ಬಾಯಿ ತೆರೆದು ನೋಡುತ್ತಿದ್ದ.

"ನಾನಿ... ಇದು ಹೆಂಗ ಗೊತ್ತಾಗ್ತದ್ರಿ ನಿಮಗ?"

"ಹೆಂಗಂದ್ರ? ಸುಣ್ಣ ಸುಣ್ಣದ ಜಾಗದಾಗ ಇರ್ತದ, ಲವಂಗ ಲವಂಗದ ಜಾಗದಾಗ. ನಾ ಮದಿವ್ಯಾಗಿ ಬಂದಾಗಿಂದ ಬದಲಾಗಿಲ್ಲ. ಗಂಡನ ಮಾರಿ ಸೈತ ಮರ್ತೀನಿ, ಇವುಗಳ ಜಾಗ ಮರ್ತಿಲ್ಲ."

ಅರ್ಜೂ ಚಹಾ ತಂದಿಟ್ಟಳು. ತಿರುಗಿ ಹೋಗಬೇಕು, ಆಗ ಅವನು ಮೆಲ್ಲಗೆ ಕರೆದ.

"ಒಂದ್ ನಿಮಿಷ್ರಿ. ಇದನ್ನ ನೋಡ್ರಿ."

ರಿಮೋಟಿನ ಮೂತಿ ಅವಳ ಕಡೆ ತಿರುಗಿಸಿ ಗುಂಡಿ ಒತ್ತಿದ. "ಏನರೆ ಕಾಣ್ತದೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಈಗ ಇದರಾಗ ನೋಡ್ರಿ."

ತನ್ನ ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮುಂದೆ ಹಿಡಿದು, ಮತ್ತೆ ಒತ್ತಿದ.

ಅರ್ಜೂ ಉಸಿರು ಬಿಡುವುದನ್ನೇ ಮರೆತಳು! ಫೋನಿನೊಳಗೆ, ರಿಮೋಟಿನ ಮೂತಿಯಲ್ಲಿ, ನೇರಳೆ ಬಣ್ಣದ ಒಂದು ಪುಟ್ಟ ಚುಕ್ಕೆ ಪಿಳಿಪಿಳಿ ಮಿನುಗುತ್ತಿತ್ತು. ಕಣ್ಣು ಸರಿಸಿ ಬರಿಗಣ್ಣಲ್ಲಿ ನೋಡಿದಳು. ಏನೂ ಇಲ್ಲ. ಫೋನಿನಲ್ಲಿ ನೋಡಿದಳು. ಇದೆ!

"ಇಷ್ಟು ದಿನ... ಈ ಬೆಳಕು ನಮ್ಮ ಮನ್ಯಾಗೇ ಇತ್ತೇನ್ರಿ?"

"ಇತ್ರಿ. ಒತ್ತಿದಾಗೆಲ್ಲಾ ಬರ್ತಿತ್ತು. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟೇ. ಕಾಣಂಗಿಲ್ಲ ಅಂದಮಾತ್ರಕ್ಕ ಇಲ್ಲ ಅಂತಲ್ಲ."

ಆ ರಾತ್ರಿ ಮಲಗುವವರೆಗೂ ಅವಳಿಗೆ ಅದೇ ಚುಕ್ಕೆ ಕಣ್ಣ ಮುಂದೆ. ಮನೆಯ ಗಾಳಿಯಲ್ಲಿ ಇನ್ನೇನೇನು ಕಾಣದ ಬೆಳಕು ತುಂಬಿದೆಯೋ ಅನಿಸಿತು.

* * *

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮುಜಫರ ದಿನಾ ಬರತೊಡಗಿದ. ಬಾಗಿಲು ತೆರೆದಿರುತ್ತಿತ್ತು, ನಡುವೆ ಮಂಚದ ಮೇಲೆ ನಾನಿ. ಈ ಕಡೆ ಅವನ ವೈರು, ಆ ಕಡೆ ಅವಳ ಮಣಿ ಬಟ್ಟಲು.

ಅವನು ಹಾಳೆಯ ಮೇಲೆ ಗುಂಡಿಗಳನ್ನು ಬರೆಯುತ್ತಿದ್ದ. ಫ್ಯಾನಿಗೆ ಒಂದು ಸಾಲು, ಕೂಲರಿಗೆ ಒಂದು, ಟಿವಿಗೆ ಒಂದು, ಡಿಶ್‌ಗೆ ಒಂದು. ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಅರ್ಜೂ ಸುಮ್ಮನೆ ನೋಡುತ್ತಿದ್ದಳು. ನೋಡುವುದೊಂದೇ ಅವಳು ಬಾಲ್ಯದಿಂದ ಮಾಡಿಕೊಂಡು ಬಂದ ಕೆಲಸ.

ಒಂದು ಸಂಜೆ ತಡೆಯಲಾಗದೆ ಬಾಯಿಬಿಟ್ಟಳು.

"ನಾನಿ ಯಾವತ್ತೂ... ಫ್ಯಾನ್ ಹಚ್ಚು ಅನ್ನಂಗಿಲ್ರಿ."

"ಮತ್ತ?"

"ಗಾಳಿ ಬೇಕು ಅಂತಾರ. ಟಿವಿ ಹಚ್ಚು ಅನ್ನಂಗಿಲ್ಲ, ದನಿ ಬರ್ಲಿ ಅಂತಾರ. ಗಾಳಿ ಫ್ಯಾನಿಂದೋ ಕೂಲರಿಂದೋ ಅಂತ ಅವರಿಗ್ಯಾಕ ಬೇಕ್ರಿ?"

ಮುಜಫರನ ಪೆನ್ಸಿಲು ನಿಂತಿತು. ಅವನು ಹಾಳೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹಾಳೆಯನ್ನು ನೋಡಿದ. ಆಮೇಲೆ ಆ ಹಾಳೆಯನ್ನು ಮುದ್ದೆ ಮಾಡಿ ಎಸೆದುಬಿಟ್ಟ!

"ಗಾಳಿಗೆ ಒಂದೇ ಬಟನ್ರಿ! ಒಮ್ಮಿ ಒತ್ತಿದ್ರ ಫ್ಯಾನ್, ಮತ್ತೊಮ್ಮಿ ಒತ್ತಿದ್ರ ಕೂಲರ್ ಕೂಡ. ದನಿಗೆ ಒಂದು, ಟಿವಿ, ಡಿಶ್ ಎರಡೂ ಜೋಡಿ ಏಳ್ತಾವ. ಬೆಳಕಿಗೆ ಒಂದು..."

"ಜಾಗ..." ಎಂದಳು ಅವಳು, ಕಣ್ಣಿನಿಂದ ಪಾನ್‌ಡಾನ್ ತೋರಿಸುತ್ತಾ.

ಇಬ್ಬರೂ ಒಟ್ಟಿಗೇ ಆ ಹಿತ್ತಾಳೆ ಡಬ್ಬಿ ನೋಡಿದರು. ಇಬ್ಬರ ಮನಸ್ಸಿನಲ್ಲೂ ಒಂದೇ ಸಲ ಅದು ಹೊಳೆದಿತ್ತು. ಒಬ್ಬರ ತಲೆಯಲ್ಲಿ ಇದ್ದದ್ದು ಮಾತಿಲ್ಲದೇ ಇನ್ನೊಬ್ಬರ ತಲೆಗೆ ಹೋಗುವುದೆಂದರೆ... ಅದಕ್ಕೂ ಕಾಣದ ಬೆಳಕು ಬೇಕೇನೋ!

ಹಾಗೆ ಹುಟ್ಟಿತು ಪಾನ್‌ಡಾನಿನಂಥ ಆ ದುಂಡು ರಿಮೋಟು. ಅಂಗೈಯಗಲದ ತಗಡಿನ ತಳವನ್ನು ಮಾಮು ಬಡಿದು ಕೊಟ್ಟರು. ಒಳಗಿನ ಕೆಲಸವೆಲ್ಲಾ ಮುಜಫರನದು. ನಾನಿ ಯಾವ ಕಡೆ ತಿರುಗಿಸಿ ಹಿಡಿದರೂ ನಡೆಯಲೆಂದು ಸುತ್ತಲೂ ಬೆಳಕಿನ ಕಣ್ಣುಗಳನ್ನಿಟ್ಟ. ಫ್ಯಾನಿಗೆ, ಕೂಲರಿಗೆ, ಬಲ್ಬಿನ ಸ್ವಿಚ್ಚಿಗೆ ಆ ಬೆಳಕು ಹಿಡಿಯುವ ಪುಟ್ಟ ಪಟ್ಟಿ ಕೂಡಿಸಿದ. ಡಬ್ಬಿಯ ಅಂಚು ತಿರುವಿದರೆ ಟಿವಿಯ ದನಿ ಏರಿಳಿಯುವಂತೆ ಮಾಡಿದ. ಮೇಲಿನ ಹೊದಿಕೆ ಅರ್ಜೂಳದು. ಅಡಕಿಯ ಜಾಗದಲ್ಲಿ ದೊಡ್ಡ ಮೋತಿ, ಅದು ಗಾಳಿ. ಸುಣ್ಣದ ಜಾಗದಲ್ಲಿ ಚಮ್ಕಿ, ಅದು ಬೆಳಕು. ಕಾಚಿನ ಜಾಗದಲ್ಲಿ ಕೊಳವೆ ಮಣಿ, ಅದು ದನಿ.

"ಲವಂಗದ ಜಾಗಕ್ಕ ಏನ್ರಿ?" ಎಂದು ಅವಳು ಕೇಳುವಷ್ಟರಲ್ಲಿ ನಾನಿಯ ಕೂಗು.

"ಅರ್ಜೂ!"

"ಏನ್ ನಾನಿ?"

"ಏನಿಲ್ಲ. ಇದ್ದಿಯೇನಂತ."

"ಇದ್ದೀನಿ."

ನಾನಿ ಮತ್ತೆ ಅಡಕಿ ಕತ್ತರಿಸತೊಡಗಿದಳು. ಮುಜಫರ ಇಬ್ಬರನ್ನೂ ನೋಡುತ್ತಿದ್ದ.

"ದಿನಕ್ಕ ಎಷ್ಟು ಸಲ ಹಿಂಗ ಕರಿತಾರ್ರಿ?"

"ಯಾರು ಎಣಸ್ತಾರ್ರಿ..." ಅವಳು ನಕ್ಕಳು.

"ಇದನ್ನ ಯಾವ ಬಟನ್ನಿನಾಗ ಹಾಕ್ಬೇಕು?"

"ಇದು ಬಟನ್ನಿನಾಗ ಹಿಡ್ಸಂಗಿಲ್ರಿ."

ಅವನು ಡಬ್ಬಿಯನ್ನು ಕೈಗೆತ್ತಿಕೊಂಡ. "ಲವಂಗದ ಜಾಗ ಸದ್ಯ ಖಾಲಿ ಇರ್ಲಿ," ಎಂದಷ್ಟೇ ಹೇಳಿದ. ಅವಳು ಅಲ್ಲಿ ಒಂದು ಕೆಂಪು ಹರಳು ಹೊಲಿದಳು.

* * *

ರಿಮೋಟು ಸಿದ್ಧವಾದ ದಿನ ಮಧ್ಯಾಹ್ನದ ಬಿಸಿಲಿಗೆ ತಗಡಿನ ಮಾಡು ಕಾದು ಹಂಚಾಗಿತ್ತು. ನಾನಿ ರಿಮೋಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅಡಕಿಯ ಜಾಗ ಒತ್ತಿದಳು.

ಫ್ಯಾನು ತಿರುಗಿತು.

ಮತ್ತೊಮ್ಮೆ ಒತ್ತಿದಳು. ಕೂಲರ್ ಗುಡುಗಿ, ನೀರಿನ ವಾಸನೆಯ ತಂಪು ಗಾಳಿ ಅವಳ ಬಿಳಿ ಕೂದಲನ್ನು ಹಾರಿಸಿತು.

"ಸುಭಾನಲ್ಲಾ!" ನಾನಿಯ ಮುಖ ಮಗುವಿನ ಮುಖವಾಯಿತು. "ನಾನೇ ಹಚ್ಚಿದ್ದೇನಿದು? ಅರ್ಜೂ, ನೀ ಮುಟ್ಟಿಲ್ಲಲ್ಲ?"

"ಇಲ್ಲ ನಾನಿ. ನಾ ಇಲ್ಲೇ ದೂರ ಅದೀನಿ."

ಕಾಚು ಒತ್ತಿದಳು, ಮನೆಯ ತುಂಬಾ ದನಿ. ಸುಣ್ಣ ಒತ್ತಿದಳು. ಕಾಣದ ಕಣ್ಣನ್ನು ಮೇಲೆತ್ತಿ, "ಬೆಳಕು ಬಂತೇನು?" ಎಂದು ಕೇಳಿದಳು. "ಬಂತು ನಾನಿ," ಎಂದಳು ಅರ್ಜೂ. ದುಪ್ಪಟ್ಟಾದಿಂದ ಕಣ್ಣೊರೆಸಿಕೊಂಡಳು. ಎದುರಿಗಿದ್ದ ಮುಜಫರನ ಕಣ್ಣೂ ತುಂಬಿದ್ದವು.

"ಇನ್ನ ಚಿಂತಿಲ್ರಿ ಚಾಚಾ," ಎಂದ ಅವನು ಮಾಮುಗೆ, ಸಂಭ್ರಮದಲ್ಲಿ. "ನಾನಿ ಇನ್ಮುಂದ ಒಬ್ಬರೇ ಆರಾಮ ಇರ್ತಾರ."

"ಶಾಬಾಸ್!" ಮಾಮು ಅವನ ಬೆನ್ನು ತಟ್ಟಿದರು. "ನನ್ನ ತಲಿ ಮ್ಯಾಲಿನ ಭಾರ ಇಳಿಸ್ದೆಪಾ. ಸುರಪುರದಾಗ ನನ್ನ ತಂಗಿ ಮಸರತ ಅರ್ಜೂಗೆ ಒಂದು ರಿಷ್ತಾ ನೋಡ್ಯಾಳ, ಚಲೋ ಹುಡುಗ. ಇಕಿ ನಾನಿ ನೆಪ ಹೇಳಿ ಬ್ಯಾಡ ಅಂತಿದ್ಲು. ಇನ್ನ ಏನ್ ನೆಪ ಉಳೀತು? ಶುಕ್ರವಾರ ಬರಾಕ ಹೇಳ್ತೀನಿ."

ಅರ್ಜೂಳಿಗೆ ಕೂಲರಿನ ಸದ್ದೂ ಕೇಳದಂತಾಯಿತು.

ಅವಳು ಮುಜಫರನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. "ಚಲೋ ಆತ್ರಿ ಚಾಚಾ..." ಎಂದ. ಚಪ್ಪಲಿ ಹಾಕಿಕೊಂಡು ಹೋದ. ತಿರುಗಿ ನೋಡಲಿಲ್ಲ.

*ಚಲೋ ಆತಂತೆ! ಅಂದರೆ ಇವರಿಗೆ ಏನೂ ಅನಿಸಲೇ ಇಲ್ಲವೇ?*

ಅವತ್ತು ಸಂಜೆ ಅವಳು ಮಾಮುವಿನ ಫೋನು ಹಿಡಿದು ಮೂಲೆಯಲ್ಲಿ ಕೂತು, ರಿಮೋಟಿನ ಒಂದೊಂದೇ ಗುಂಡಿ ಒತ್ತಿ ಆ ನೇರಳೆ ಚುಕ್ಕೆಗಳನ್ನು ನೋಡಿದಳು. ಅಡಕಿ... ಸುಣ್ಣ... ಕಾಚು... ಕಡೆಗೆ ಸುಮ್ಮನೆ ಲವಂಗದ ಜಾಗವನ್ನೂ ಒತ್ತಿದಳು.

ಅಲ್ಲೂ ಚುಕ್ಕೆ ಮಿನುಗಿತು!

ಖಾಲಿ ಅಂದಿದ್ದರಲ್ಲ? ಮನೆಯಲ್ಲಿ ಏನೂ ಹೊತ್ತಲಿಲ್ಲ, ಏನೂ ತಿರುಗಲಿಲ್ಲ. ಆ ಬೆಳಕು ಯಾರನ್ನೋ ಕರೆದು, ಯಾರೂ ಓಗೊಡದೆ ಆರಿಹೋದಂತೆ ಆರಿತು.

* * *

ಶುಕ್ರವಾರ ಮಸರತ ಖಾಲಾ ಸುರಪುರದ ಹೆಂಗಸರನ್ನು ಕರೆದುಕೊಂಡು ಬಂದಳು. ಒಳ್ಳೆಯ ಜನ. ಹುಡುಗನಿಗೆ ಟೈರಿನ ಅಂಗಡಿ. ದೂರುವುದಕ್ಕೆ ಏನೂ ಇರಲಿಲ್ಲ, ಅದೇ ಅರ್ಜೂಳ ಕಷ್ಟ.

"ನಮ್ಮ ಅಮ್ಮಾ ಎಲ್ಲಾ ತಾವೇ ನಡಸ್ತಾರ. ನೋಡ್ರಿ ಬೇಕಾರ," ಎಂದರು ಮಾಮು.

ನಾನಿ ಅಡಕಿಯ ಜಾಗ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಸುಣ್ಣ, ಕಾಚು... ಇಲ್ಲ. ನಾನಿಯ ಬೆರಳು ಡಬ್ಬಿಯ ತುಂಬಾ ಗಾಬರಿಯಿಂದ ಓಡಾಡಿದವು. ಜಾಗ ತಪ್ಪಿತೇನೋ ಎಂದು ಮತ್ತೆ ಮತ್ತೆ ತಡವಿದವು.

"ಪಾಪ, ವಯಸ್ಸಾಗ್ಯಾದ," ಎಂದಳು ಹುಡುಗನ ತಾಯಿ. "ಹಿಂಗಿದ್ರ ಹುಡುಗೀನ ಹೆಂಗ ಕಳಸ್ತೀರಿ?"

ಮಾಮು ಮುಜಫರನನ್ನು ಕರೆಸಿದರು. ಅವನು ಬಂದು ತಳದ ಮುಚ್ಚಳ ತೆಗೆದ. ಒಂದು ಕ್ಷಣ ಕೈ ತಡೆಯಿತು. ನಿಧಾನವಾಗಿ ತಲೆ ಎತ್ತಿ ಅಡುಗೆ ಮನೆಯ ಬಾಗಿಲ ಕಡೆ ನೋಡಿದ. ಅರ್ಜೂ ಮುಖ ತಗ್ಗಿಸಿದಳು.

ಸೆಲ್ಲುಗಳನ್ನು ಉಲ್ಟಾ ಹಾಕಿದ್ದವಳು ಅವಳೇ!

"ಸೆಲ್ ಸಡ್ಲಾಗಿದ್ವು, ಅಷ್ಟೇ," ಎಂದ ಅವನು ಎಲ್ಲರಿಗೂ ಕೇಳುವಂತೆ. ಸರಿಮಾಡಿ ಕೊಟ್ಟ. ಗಾಳಿ ಬಂತು, ದನಿ ಬಂತು, ಸುರಪುರದವರು ಬೆರಗಾದರು. ನಾಲ್ಕು ದಿನ ಬಿಟ್ಟು ಮಾತು ಗಟ್ಟಿ ಮಾಡೋಣ ಎಂದು ಹೇಳಿ ಎದ್ದರು.

ಅಂಗಳದಲ್ಲಿ ಅವಳು ನೀರಿನ ಲೋಟ ಚಾಚಿದಾಗ ಅವನು ತೆಗೆದುಕೊಳ್ಳಲಿಲ್ಲ.

"ನಾ ಮಾಡಿದ್ದು ಅಷ್ಟು ಸೇರಲಿಲ್ಲೇನ್ರಿ ನಿಮಗ? ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳ್ಬೇಕಿತ್ತು. ಆ ಮುದುಕೀನ ಹತ್ತು ಮಂದಿ ಮುಂದ ಹಂಗ ತಡಕಾಡ್ಸಬಾರ್ದಿತ್ತು."

*ನೀವು ಮತ್ತೆ ಬರಲಿ ಅಂತ... ನಾನು ಹೋಗಬಾರದು ಅಂತ...* ಮಾತೆಲ್ಲಾ ತುಟಿಯವರೆಗೆ ಬಂತು. ತುಟಿ ತೆರೆಯಲಿಲ್ಲ.

"ಸುರಪುರದಾಗ ಚಲೋ ಇರ್ರಿ," ಎಂದ ಅವನು. ಹೋಗಿಬಿಟ್ಟ.

* * *

"ಅರ್ಜೂ! ಇಲ್ಲಿ ಬಾ."

ಎಲ್ಲರೂ ಹೋದ ಮೇಲೆ ನಾನಿ ಕರೆದಳು. ಈ ಸಲ 'ಏನಿಲ್ಲ' ಅನ್ನಲಿಲ್ಲ.

"ಮುಂಜಾನಿ ಡಬ್ಬಿ ಮುಚ್ಚಳ ಟಕ್ ಅಂದಿದ್ದು ನಾ ಕೇಳೀನಿ. ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ."

ಅರ್ಜೂ ನೆಲಕ್ಕೆ ಕುಸಿದು ಕೂತಳು. "ಗೊತ್ತಿದ್ದೂ... ಹೇಳಲಿಲ್ಲ ಯಾಕ ನಾನಿ?"

"ನೀ ಹೇಳ್ತಿಯೇನಂತ ಕಾದೆ. ಮೊನ್ನಿ ನಾನೇ ಗಾಳಿ ಹಚ್ಕೊಂಡಾಗ ನನಗ ಹೆಂಗಾತು ಗೊತ್ತೇನು? ಎಷ್ಟು ವರ್ಷ ಆಗಿತ್ತು, ಯಾರನ್ನೂ ಕರೀಲಾರದ ಒಂದು ಕೆಲಸ ಮಾಡಿ! ಅದನ್ನ ನೀ ಇವತ್ತು ನನ್ನ ಕೈಯಾಗಿಂದ ಕಸ್ಕೊಂಡಿ."

ಅರ್ಜೂ ನಾನಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. "ತಪ್ಪಾತು ನಾನಿ... ಮಾಫ್ ಮಾಡು..."

ನಾನಿಯ ಕೈ ಅವಳ ತಲೆಯ ಮೇಲೆ ಬಂತು. "ನನ್ನ ಹಿಂದ ಎಷ್ಟು ದಿನ ಅಡಗ್ತಿ? ನಾ ನಿನ್ನ ನಾನಿ, ನಿನಗ ಗ್ವಾಡಿ ಅಲ್ಲ. ಖರೇ ಹೇಳು. ಸುರಪುರ ಬ್ಯಾಡೇನು?"

"...ಬ್ಯಾಡ."

"ಯಾರು ಬೇಕು?"

ಅರ್ಜೂ ಮಡಿಲಲ್ಲಿ ಮುಖವನ್ನು ಇನ್ನಷ್ಟು ಹುದುಗಿಸಿದಳು. ಫ್ಯಾನು ತಿರುಗುತ್ತಿತ್ತು. ನಾನಿ ಮೆಲ್ಲಗೆ ನಕ್ಕಳು.

"ನನಗ ಹೇಳಬ್ಯಾಡ. ಯಾರಿಗೆ ಹೇಳ್ಬೇಕೋ ಅವರಿಗೆ ಹೇಳು. ಲಾಡ್ಲೇಗೆ ನಾ ಹೇಳ್ತೀನಿ. ಈ ಡಬ್ಬಿ ತಗೊಂಡು ಹೋಗು. ಲವಂಗದ ಜಾಗ ಖಾಲಿ ಬಿಟ್ಟಾನ ಆ ಹುಡುಗ. ಅರ್ಧ ಕೆಲಸ ಮಾಡಿ ಬಿಡೋರು ನನಗ ಸೇರಂಗಿಲ್ಲ."

* * *

ಮರುದಿನ ಅಂಗಡಿಯಲ್ಲಿ ಮುಜಫರ ಒಬ್ಬನೇ ಇದ್ದ. ಅವಳನ್ನು ನೋಡಿ ಎದ್ದು ನಿಂತ.

"ಮತ್ತ ಕೆಟ್ಟದೇನ್ರಿ?" ದನಿ ಒಣಗಿತ್ತು.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅದೇ ಮೇಜು. ಅವತ್ತಿನಂತೆಯೇ ಮಾತು ಗಂಟಲಲ್ಲಿ ಕೂತಿತ್ತು. ಆದರೆ ಇವತ್ತು ತಿರುಗಿ ಹೋಗಲಿಕ್ಕೆ ಬಂದಿರಲಿಲ್ಲ.

"ನಿಮ್ಮ ಫೋನ್ ಕೊಡ್ರಿ."

ಅವನು ಕೊಟ್ಟ. ಅವಳು ಕ್ಯಾಮೆರಾ ತೆರೆದು, ಡಬ್ಬಿಯ ಮುಂದೆ ಹಿಡಿದು, ಕೆಂಪು ಹರಳನ್ನು ಒತ್ತಿದಳು. ಫೋನಿನಲ್ಲಿ ನೇರಳೆ ಚುಕ್ಕೆ ಮಿನುಗಿತು.

"ಖಾಲಿ ಅಂದಿದ್ರಿ. ಖಾಲಿ ಇಲ್ಲ. ಈ ಬೆಳಕು... ಎಲ್ಲಿಗೆ ಹೋಗ್ತದ್ರಿ?"

ಮುಜಫರನ ಮುಖದ ಬಣ್ಣವೇ ಬದಲಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ಕೆರೆದುಕೊಂಡ.

"ಆ ಬೆಳಕು ಬರೇ ಗುರ್ತಿಗ್ರಿ. ಬೆಳಕು ಗ್ವಾಡಿ ದಾಟಂಗಿಲ್ಲ. ಅದರ ಜೋಡಿ ಬಾಗಲ ಬೆಲ್ಲಿಂದು ಯಂತ್ರ ಇಟ್ಟೀನಿ, ವೈರ್ ಇಲ್ಲದ್ದು. ಅದು ಗ್ವಾಡಿ ದಾಟ್ತದ. ಹಿಂದಿನ ಓಣಿ ತನಕ ಬರ್ತದ."

"ಹಿಂದಿನ ಓಣ್ಯಾಗ... ಯಾರ ಮನಿಗೆ?"

"ನಮ್ಮ ಮನಿಗೆ. ಅಡಗಿ ಮನಿ ಗ್ವಾಡಿಗೆ ಬೆಲ್ ಹಚ್ಚೀನಿ."

ಅವಳು ತಲೆ ಎತ್ತಿ ನೋಡಿದಳು.

"ನಾನಿ ನಿಮ್ಮನ್ನ ಏನೂ ಬೇಕಿಲ್ಲದಾಗ ಕರಿತಾರಲ್ರಿ... ಅದನ್ನ ಯಾವ ಬಟನ್ನಿನಾಗ ಹಾಕ್ಬೇಕಂತ ಭಾಳ ಯೋಚ್ನಿ ಮಾಡ್ದೆ. ಗಾಳಿ ಕೊಡಬಹುದು, ದನಿ ಕೊಡಬಹುದು. ನಿಮ್ಮನ್ನ ಹೆಂಗ ಕೊಡ್ಲಿ?" ಅವನು ಕೆಂಪು ಹರಳನ್ನೇ ನೋಡುತ್ತಿದ್ದ. "ನೀವು ನಮ್ಮ ಮನಿಗೆ ಬಂದ್ರ... ಅಲ್ಲಿ ನಿಂತಾಗ ನಾನಿ ಕರದದ್ದು ನಿಮಗ ಕೇಳ್ಬೇಕಲ್ಲ ಅಂತ... ಅದಕ್ಕ ಹಚ್ಚಿದ್ದೆ. ಅವತ್ತೇ ಹೇಳೋನಿದ್ದೆ. ಚಾಚಾ ಸುರಪುರ ಅಂದ್ರು. ನನ್ನ ಬಾಯಿ ಕಟ್ಟಿಹೋತು."

ಬಾಯಿ ಕಟ್ಟುವುದು ತನಗೊಬ್ಬಳಿಗೇ ಅಂದುಕೊಂಡಿದ್ದಳು ಅರ್ಜೂ!

"ನಾ ಸೆಲ್ ಉಲ್ಟಾ ಹಾಕಿದ್ದು..." ಅವಳು ಒಂದೊಂದೇ ಪದ ಕೂಡಿಸಿದಳು, ಮಣಿ ಪೋಣಿಸಿದಂತೆ. "ನೀವು ಮಾಡಿದ್ದು ಬ್ಯಾಡಂತಲ್ರಿ. ಅದು ಚಲೋ ನಡದ್ರ... ನನ್ನನ್ನ ಕಳಿಸಿಬಿಡ್ತಾರಂತ. ಕೆಟ್ರ... ನೀವು ಬರ್ತೀರಂತ."

ಅಂಗಡಿಯ ಹೊರಗೆ ಭೀಮರಾಯನಗುಡಿಯ ಟಂಟಂ ಆಟೋದವನು ಜನರನ್ನು ಕೂಗುತ್ತಿದ್ದ. ಒಳಗೆ ಇಬ್ಬರಿಗೂ ಅದು ಕೇಳಿಸಲಿಲ್ಲ.

"ಮೊನ್ನಿ ಸಂಜಿ..." ಮುಜಫರ ಥಟ್ಟನೆ ಏನೋ ನೆನಪಾದವನಂತೆ ಕೇಳಿದ. "ನಮ್ಮ ಅಮ್ಮಿ ಹೇಳಿದ್ಲು. ಮುಜ್ಜು, ಅಡಗಿ ಮನಿ ಬೆಲ್ ಬಡೀತು, ಯಾರೋ ಕರದ್ರು ಅಂತ. ನಾ ವೈರ್ ಕೆಟ್ಟಾವೇನೋ ಅಂತ ಎಲ್ಲಾ ಬಿಚ್ಚಿ ನೋಡ್ದೆ!"

ಅರ್ಜೂಳ ಕೈ ಬಾಯಿಗೆ ಹೋಯಿತು.

ಆ ಸಂಜೆ... ಮೂಲೆಯಲ್ಲಿ ಕೂತು ಒತ್ತಿದ್ದು! ಯಾರೂ ಓಗೊಡದೆ ಆರಿಹೋಯಿತು ಅಂದುಕೊಂಡದ್ದು! ಅದು ಗೋಡೆ ದಾಟಿ, ಓಣಿ ದಾಟಿ, ಅವರ ಮನೆಯೊಳಗೇ ಹೋಗಿ ಕೂಗಿತ್ತು. ಕರೆಯುತ್ತಿದ್ದೇನೆಂದು ತಿಳಿಯದೆಯೇ ಅವಳು ಅವನನ್ನು ಕರೆದಿದ್ದಳು!

"ವೈರ್ ಕೆಟ್ಟಿರಲಿಲ್ರಿ," ಎಂದಳು, ನಗುತ್ತಾ, ಅಳುತ್ತಾ. "ನಾ ಕರದಿದ್ದೆ."

* * *

ಮುಜಫರನ ಅಮ್ಮಿ ತಾವೇ ಮದುವೆಯ ಪೈಗಾಮ್ ತಂದರು. ಸುರಪುರಕ್ಕೆ ಮಸರತ ಖಾಲಾ ಒಳ್ಳೆ ಮಾತಿನಲ್ಲೇ ಇಲ್ಲವೆಂದು ತಿಳಿಸಿದಳು. ಮಾಮು ಒಂದು ದಿನ ಮುಖ ಊದಿಸಿಕೊಂಡಿದ್ದರು. ಮರುದಿನ ಅಳಿಯನಿಗೆಂದು ದೊಡ್ಡ ಕೂಲರ್ ಬಡಿಯಲು ಕೂತರು.

ನಿಕಾಹ್ ಆದ ಮರುದಿನ ಬೆಳಿಗ್ಗೆ ಹಿಂದಿನ ಓಣಿಯ ಆ ಅಡುಗೆ ಮನೆಯಲ್ಲಿ ಅರ್ಜೂ ಚಹಾಕ್ಕೆ ನೀರಿಟ್ಟಿದ್ದಳು. ಗೋಡೆಯ ಮೇಲಿನ ಬೆಲ್ ಬಡಿಯಿತು.

ಅವಳು ಒಲೆ ಆರಿಸಿ ಮಾಳಿಗೆಯ ಮೆಟ್ಟಿಲೇರಿ ಓಡಿದಳು. ಮುಜಫರ ಹಿಂದೆಯೇ ಬಂದ. ಆಚೆ ಓಣಿಯ ಅಂಗಳದಲ್ಲಿ, ಮಂಚದ ಮೇಲೆ, ಡಬ್ಬಿ ಮಡಿಲಲ್ಲಿಟ್ಟುಕೊಂಡು ನಾನಿ ಕಿವಿಗೊಟ್ಟು ಕೂತಿದ್ದಳು.

ಅಪರಿಚಿತರ ಮುಂದೆ ತುಟಿ ತೆರೆಯದ ಅರ್ಜುಮಂದ, ಎರಡು ಓಣಿಗಳ ಜನ ತಲೆ ಎತ್ತಿ ನೋಡುವಂತೆ ಕೂಗಿದಳು.

"ಇದ್ದೀನ್ ನಾನೀ...!"

ನಾನಿ ನಕ್ಕು, ಕೈಯೆತ್ತಿ, ಪಾನ್‌ಡಾನಿನ ಕಡೆ ತಿರುಗಿದಳು.

ಮುಜಫರ ಹೆಂಡತಿಯನ್ನೇ ನೋಡುತ್ತಿದ್ದ, ಮೊದಲ ಸಲ ಫೋನಿನೊಳಗೆ ಆ ಚುಕ್ಕೆ ಕಂಡಾಗ ಅವಳು ನೋಡಿದ್ದಳಲ್ಲ, ಹಾಗೆ.

"ಇಷ್ಟು ದೊಡ್ಡ ದನಿ... ಇಷ್ಟು ದಿನ ನಿನ್ನ ಹತ್ರಾನೇ ಇತ್ತೇನು?"

"ಇತ್ರಿ," ಎಂದಳು ಅವಳು, ದುಪ್ಪಟ್ಟಾದ ತುದಿ ಬಾಯಿಗಿಟ್ಟು. "ಯಾರೂ ಲವಂಗದ ಜಾಗ ಒತ್ತಿರಲಿಲ್ಲ."